ನೇಮದ ಮನೆಯ ಕಣ್ಣು

ದೇಶನೂರಿನಲ್ಲಿ ನಮ್ಮದು ನೇಮದ ಮನೆ ಎಂದು ಹೆಸರು. ಹೊತ್ತು ಮುಳುಗುವುದರೊಳಗೆ ಮನೆಯವರೆಲ್ಲ ಉಂಡು ಕೈತೊಳೆದಿರಬೇಕು. ದೀಪ ಹಚ್ಚಿದ ಮೇಲೆ ಹೊಸ್ತಿಲು ದಾಟುವಂತಿಲ್ಲ. ಎಂಥ ಹತ್ತಿರದವರ ಮದುವೆಯಾದರೂ ರಾತ್ರಿ ಪಂಕ್ತಿಯಲ್ಲಿ ಕೂಡುವಂತಿಲ್ಲ. ಹಿಂದೆ ಯಾರೋ ಹಿರಿಯರು ಕುರುಗೋಡಿನ ಬಸವಣ್ಣನ ಮುಂದೆ ನಿಂತು ಮಾತು ಕೊಟ್ಟಿದ್ದರು, ಅದನ್ನು ನಾವು ನಡೆಸಿಕೊಂಡು ಬಂದಿದ್ದೇವೆ ಎಂದು ಮನೆಯಲ್ಲಿ ಹೇಳುತ್ತಿದ್ದರು. ಊರು ನಂಬಿತ್ತು. ಗದ್ದೆಗೆ ಕಾಲುವೆ ನೀರು ರಾತ್ರಿ ಪಾಳಿಯಲ್ಲಿ ಬಂದರೆ ನಮ್ಮ ಪಾಲಿನ ನೀರನ್ನು ಪಕ್ಕದ ಹೊಲದವರೇ ತಿರುವುತ್ತಿದ್ದರು. ಜಗಳ ಬಂದಾಗ ಸಾಕ್ಷಿಗೆ ಅಪ್ಪನನ್ನು ಕರೆಯುತ್ತಿದ್ದರು. ‘ನೇಮದ ಮನಿಯವ್ರು ಸುಳ್ಳು ಹೇಳಂಗಿಲ್ಲ’ ಎನ್ನುತ್ತಿದ್ದರು.

ನಿಜವೇನೆಂದರೆ ಹೊತ್ತು ಮುಳುಗಿದ ಮೇಲೆ ನಮಗೆ ಕಣ್ಣು ಕಾಣುತ್ತಿರಲಿಲ್ಲ. ಅಪ್ಪನಿಗೆ ಕಾಣುತ್ತಿರಲಿಲ್ಲ, ಅಣ್ಣನಿಗೆ ಕಾಣುತ್ತಿರಲಿಲ್ಲ, ನನಗೂ ಇಲ್ಲ. ಅವ್ವನಿಗೆ ಕಾಣುತ್ತಿತ್ತು. ಮನೆ ನಡೆದದ್ದು ಅವಳಿಂದ. ತಂಬಿಗೆ ಇಟ್ಟಲ್ಲೇ ಇರಬೇಕು, ಚಪ್ಪಲಿ ಹೊಸ್ತಿಲಿನ ಎಡಕ್ಕೇ ಬಿಡಬೇಕು, ಬಚ್ಚಲಿಗೆ ಹೋಗುವಾಗ ಗೋಡೆ ಬಿಡಬಾರದು. ಸಂಜೆ ಯಾರಾದರೂ ಬಂದರೆ ಎದ್ದು ತಡಕಾಡದೆ ಕೂತಲ್ಲೇ ಕೈಮುಗಿಯಬೇಕು. ಅದೂ ನೇಮದ ಒಂದು ಭಾಗವೆಂದು ಬಂದವರು ತಿಳಿದು, ಅವರೂ ತಿರುಗಿ ಕೈಮುಗಿಯುತ್ತಿದ್ದರಂತೆ. ನಾವು ಅದನ್ನು ನೋಡಿದವರಲ್ಲ.

ಇದನ್ನೆಲ್ಲ ಬರೆಯುವ ಧೈರ್ಯ ನನಗೆ ಬಂದದ್ದು ನನ್ನ ಹೆಂಡತಿ ತೀರಿಕೊಂಡ ಮೇಲೆ. ಅವಳು ವಿಜ್ಞಾನಿ. ಕಣ್ಣಿನ ಹಿಂಭಾಗದ ಪೊರೆಯಲ್ಲಿ ಬೆಳಕನ್ನು ಹಿಡಿಯುವ ಜೀವಕೋಶಗಳಿರುತ್ತವೆ, ಅವುಗಳ ಅಧ್ಯಯನದಲ್ಲೇ ತನ್ನ ಆಯುಷ್ಯ ಕಳೆದಳು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಬಳ್ಳಾರಿಯ ಒಂದು ಜೀನ್ಸ್ ಹೊಲಿಗೆ ಘಟಕದಲ್ಲಿ ಕಟಿಂಗ್ ಮಾಸ್ಟರ್ ಆದವನು. ಅವಳ ಕೆಲಸವನ್ನು ಓದಿದವರು ಬರೆಯುವ ಹಾಗೆ ಬರೆಯಲು ನನಗೆ ಬರುವುದಿಲ್ಲ. ಅವಳು ನನಗೆ ತಿಳಿಯುವಂತೆ ಹೇಳಿದ್ದಷ್ಟು ನನಗೆ ಗೊತ್ತು.

ನಮ್ಮ ಮದುವೆಯಾದದ್ದೂ ಆ ನೇಮದಿಂದಲೇ. ಅವಳ ತಂದೆ ಕುರುಗೋಡಿನಲ್ಲಿ ಸಾಲಿ ಮಾಸ್ತರರಾಗಿದ್ದವರು. ಮಗಳು ಬಿ.ಎಸ್ಸಿ. ಓದಿದ್ದಳು. ಇಷ್ಟು ಓದಿದವಳನ್ನು ಬಟ್ಟೆ ಕತ್ತರಿಸುವವನಿಗೆ ಯಾಕೆ ಕೊಡುತ್ತೀರಿ ಎಂದು ಅವರ ಕಡೆಯವರು ಕೇಳಿದ್ದರಂತೆ. ನಮ್ಮ ಮಾವನವರು, ‘ಹೊತ್ತು ಮುಳುಗಿದ ಮ್ಯಾಲ ಮನಿ ಬಿಟ್ಟು ಹೋಗದಂಥ ಗಂಡಸು ಈ ಜಿಲ್ಲೆದಾಗ ಎಲ್ಲಿ ಸಿಗತಾನ ತೋರಿಸ್ರಿ! ಕುಡಿಯಾಕ ಹೋಗಂಗಿಲ್ಲ, ಇಸ್ಪೀಟು ಆಡಾಕ ಹೋಗಂಗಿಲ್ಲ’ ಎಂದು ಅವರ ಬಾಯಿ ಮುಚ್ಚಿಸಿದರು. ಆ ಮಾತನ್ನು ನಮ್ಮ ಮುಂದೆಯೂ ಹೆಮ್ಮೆಯಿಂದ ಹೇಳಿದರು. ಅಪ್ಪ ತಲೆ ತಗ್ಗಿಸಿ ಕೂತಿದ್ದ. ನಾನೂ ತಗ್ಗಿಸಿದ್ದೆ. ಎಂಥ ವಿನಯ ಎಂದುಕೊಂಡಿರಬೇಕು ಅವರು.

ಅವಳಿಗೆ ತಿಳಿಯಲು ಬಹಳ ದಿನ ಬೇಕಾಗಲಿಲ್ಲ. ಒಂದು ಬೆಳಗಿನ ಜಾವ ಕರೆಂಟು ಇರಲಿಲ್ಲ. ಅಡುಗೆಮನೆಯಲ್ಲಿ ಅವಳು ನೆಲದ ಮೇಲೆ ಕೈಯಾಡಿಸುತ್ತ ಕೂತಿದ್ದಳು. ಕಿವಿಯ ಜುಮಕಿ ಬಿದ್ದಿತ್ತು. ನಾನು ಎಮ್ಮೆಗೆ ಮೇವು ಹಾಕಿ ಒಳಗೆ ಬಂದವನು ಒರಳಿನ ಪಕ್ಕದಿಂದ ಅದನ್ನು ಎತ್ತಿಕೊಟ್ಟೆ.

‘ನಿಮಗ ಕಾಣಸ್ತೇನ್ರಿ?’ ಎಂದಳು.

‘ಹೂಂ. ಯಾಕ?’

‘ನಿನ್ನಿ ಸಂಜಿ ರೊಟ್ಟಿ ಅಂತ ಚಟ್ನಿಗೆ ಕೈ ಹಾಕಿದ್ರಿ. ಈಗ ಕಗ್ಗತ್ತಲಾಗ ಜುಮಕಿ ಕಾಣಸ್ತು?’

‘ಅದು ನೇಮದ ಫಲ. ಸಂಜೀಕ ದೇವ್ರು ತಗೋತಾನ, ಬೆಳಗಿನ ಜಾವ ತಿರುಗಿ ಕೊಡ್ತಾನ.’ ನಮ್ಮ ಮನೆಯಲ್ಲಿ ಚಿಕ್ಕವರಿಗೆ ಹೇಳುತ್ತಿದ್ದ ಮಾತು ಅದು.

‘ದಿನಾ ಕೊಟ್ಟು ತಗೊಂಡು ಮಾಡಾಕ ದೇವ್ರಿಗೇನು ಬ್ಯಾರೆ ಉದ್ಯೋಗ ಇಲ್ಲೇನ್ರಿ?’ ಎಂದು ಬ್ಯಾಟರಿ ತಂದು ನನ್ನ ಮುಖಕ್ಕೆ ಬಿಟ್ಟಳು. ಆರಿಸಿದಳು. ‘ಈಗ?’

ಏನೂ ಕಾಣಲಿಲ್ಲ. ಒರಳೂ ಇಲ್ಲ, ಅವಳೂ ಇಲ್ಲ. ಬೆಳಗಾಗುವವರೆಗೆ ಗೋಡೆಗೆ ಆನಿಸಿಕೊಂಡು ಕೂತೆ.

ಮೋಸ ಮಾಡಿ ಮದುವೆ ಮಾಡಿಕೊಂಡಿರಿ ಎಂದು ಅವಳು ಅಂದಿದ್ದರೆ ನಾನು ಏನು ಹೇಳುತ್ತಿದ್ದೆನೋ ಗೊತ್ತಿಲ್ಲ. ಅವಳು ಹಾಗೆ ಅನ್ನಲಿಲ್ಲ. ಎರಡು ದಿನ ಯಾರೊಂದಿಗೂ ಹೆಚ್ಚು ಮಾತಾಡಲಿಲ್ಲ, ಅಷ್ಟೇ. ಆಮೇಲೆ ನನ್ನನ್ನು ಕೂಡಿಸಿಕೊಂಡು, ಸಂಜೆ ಎಷ್ಟು ಹೊತ್ತಿಗೆ ಕಾಣುವುದು ನಿಲ್ಲುತ್ತದೆ, ಬೆಳದಿಂಗಳಲ್ಲಿ ಹೇಗೆ, ಎಷ್ಟು ನಿದ್ದೆ ಮಾಡಿ ಎದ್ದರೆ ಕಾಣುತ್ತದೆ ಎಂದು ಕೇಳತೊಡಗಿದಳು. ಅನ್ನಾಂಗದ ಕೊರತೆಯಿಂದ ಬರುವ ಇರುಳುಗುರುಡು ಬೆಳಗಿನ ಜಾವಕ್ಕೆ ತಾನಾಗಿ ಹೋಗುವುದಿಲ್ಲ ಎನ್ನುವುದು ಅವಳಿಗೆ ಗೊತ್ತಿತ್ತು. ಹಾಗಾದರೆ ಇದು ಏನು? ಆ ಒಂದು ಪ್ರಶ್ನೆಯನ್ನು ಹಿಡಿದುಕೊಂಡೇ ಅವಳು ಮುಂದೆ ಓದಿದಳು, ದೂರದ ಊರಿನ ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ ಡಾಕ್ಟರೇಟ್ ಪಡೆದಳು, ತಿರುಗಿ ಬಳ್ಳಾರಿಗೆ ಬಂದು ಪಾಠ ಮಾಡುತ್ತ ಸಂಶೋಧನೆ ಮುಂದುವರಿಸಿದಳು. ಸತ್ಯನಾರಾಯಣಪೇಟೆಯಲ್ಲಿ ಮನೆ ಮಾಡಿದೆವು. ನಮಗೆ ಮಕ್ಕಳಾಗಲಿಲ್ಲ. ಅದಕ್ಕೂ ಕಣ್ಣಿಗೂ ಸಂಬಂಧವಿಲ್ಲ ಎಂದು ಅವಳೇ ಹೇಳಿದ್ದಳು, ನಾನು ಕೇಳುವ ಮೊದಲೇ.

ಅವಳು ದೂರದ ಊರಿನಲ್ಲಿದ್ದಾಗ ಅವಳ ಪ್ರಯೋಗಾಲಯಕ್ಕೆ ನಾನು ಒಮ್ಮೆ ಹೋಗಿದ್ದೆ. ಕಪ್ಪೆಯ ಕಣ್ಣಿನಿಂದ ಒಂದೇ ಒಂದು ಜೀವಕೋಶವನ್ನು ಬಿಡಿಸಿ, ಕೂದಲಿಗಿಂತ ಸಣ್ಣ ಗಾಜಿನ ಕೊಳವೆಯೊಳಗೆ ಎಳೆದುಕೊಂಡು, ಅದಕ್ಕೆ ಚೂರು ಬೆಳಕು ತೋರಿಸಿದರೆ ಏನಾಗುತ್ತದೆ ಎಂದು ಅಳೆಯುವ ಕೆಲಸ ಅದು. ಕೋಣೆ ಕತ್ತಲಾಗಿರಬೇಕು, ಮಂದ ಕೆಂಪು ಬಲ್ಬು ಒಂದೇ. ಅವಳು ಅದರಲ್ಲಿ ನಮ್ಮ ಅಡುಗೆಮನೆಯಲ್ಲಿ ಓಡಾಡಿದ ಹಾಗೆ ಓಡಾಡುತ್ತಿದ್ದಳು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ. ಅವಳ ವಿದ್ಯಾರ್ಥಿಯೊಬ್ಬ, ‘ಬನ್ನಿ ಸರ್, ಹತ್ತಿರ ಬಂದು ನೋಡಿ’ ಎಂದ. ‘ಇರಲಿ, ನನಗೆ ಬಸ್ಸಿಗೆ ಹೊತ್ತಾಯಿತು’ ಎಂದು ಹೊರಗೆ ಬಂದುಬಿಟ್ಟೆ. ಇಡೀ ಮಧ್ಯಾಹ್ನ ಬಸ್ ನಿಲ್ದಾಣದಲ್ಲಿ ಕೂತೆ.

ಅವಳು ನನಗೆ ಅರ್ಥ ಮಾಡಿಸಿದ್ದು ಹೊಲಿಗೆ ಮಷೀನು ತೋರಿಸಿ. ಕಣ್ಣಿನಲ್ಲಿ ಎರಡು ಬಗೆಯ ಕೋಶಗಳು. ಒಂದು ಹಗಲಿಗೆ, ಇನ್ನೊಂದು ಕೋಲಿನ ಆಕಾರದ್ದು, ಮಂದ ಬೆಳಕಿಗೆ. ಬೆಳಕು ಬಿದ್ದರೆ ಕೋಲುಕೋಶ ಓಡತೊಡಗುತ್ತದೆ, ಬೆಳಕು ಹೋದರೆ ನಿಲ್ಲಬೇಕು. ‘ನೀವು ಪೆಡಲ್ ಮ್ಯಾಲಿಂದ ಕಾಲು ತಗದ್ರೂ ಮಷೀನು ಓಡಕೋತ ಇದ್ರ ಏನ್ ಮಾಡ್ತೀರಿ? ಹೊಸ ಬಟ್ಟಿ ಇಡಾಕ ಬರತೈತೇನು? ನಿಮ್ಮ ಕಣ್ಣಾಗ ಬ್ರೇಕ್ ಇಲ್ರಿ. ಇಡೀ ಹಗಲಿನ ಬೆಳಕಿಗೆ ಓಡಿದ್ದು ಸಂಜಿಗೂ ಓಡತಿರತೈತಿ. ತಾಸುಗಟ್ಲೆ ಕತ್ತಲಾಗ ಇದ್ದಾದ ಮ್ಯಾಲ ತಾನ ಸುಸ್ತಾಗಿ ನಿಲ್ಲತೈತಿ. ಅದಕ್ಕ ಬೆಳಗಿನ ಜಾವ ನಿಮಗ ಕಾಣಸ್ತೈತಿ.’ ಬ್ರೇಕಿನ ಕೆಲಸ ಮಾಡುವ ಒಂದು ಪ್ರೋಟೀನು ನಮ್ಮ ಮನೆತನದಲ್ಲಿ ಕೆಟ್ಟಿತ್ತು. ಅಪ್ಪನಿಗೆ ಅವ್ವ ಸ್ವಂತ ಅಕ್ಕನ ಮಗಳು. ಅಣ್ಣ ಸೋದರಮಾವನ ಮಗಳನ್ನೇ ಮಾಡಿಕೊಂಡ. ಹೊರಗಿನಿಂದ ಹೆಣ್ಣು ತಂದವನು ನಾನೊಬ್ಬನೇ. ಕೆಟ್ಟದ್ದು ಮನೆಯೊಳಗೇ ತಿರುಗಿತು.

ಈ ದೋಷವಿದ್ದವರ ಕಣ್ಣಿನ ಹಿಂಭಾಗದ ಪೊರೆ ಬೆಳಕಿನಲ್ಲಿ ನೋಡಿದರೆ ಹೊಂಬಣ್ಣ ಹೊಡೆಯುತ್ತದೆ, ತಾಸುಗಟ್ಟಲೆ ಕತ್ತಲಲ್ಲಿಟ್ಟು ನೋಡಿದರೆ ಆ ಬಣ್ಣ ಇರುವುದಿಲ್ಲ. ಅವಳು ನನ್ನ ಕಣ್ಣಿನ ಚಿತ್ರ ತೆಗೆಸಿದ ದಿನ ಊರಿಗೆ ಬಂದು, ‘ಅತ್ತಿ, ನಿಮ್ಮ ಮಗನ ಕಣ್ಣಾಗ ಬಂಗಾರ ಐತಿ’ ಎಂದಳು. ‘ಹಂಗಾರ ತಗದು ಎರಡು ಬಳಿ ಮಾಡಿಸ್ಕೊಳವಾ. ನಿಮ್ಮ ಮಾವ ಕಣ್ಣು ಮುಚ್ಚೋತನಕ ನನಗೊಂದು ಮೂಗಬಟ್ಟೂ ಮಾಡಿಸಲಿಲ್ಲ’ ಎಂದಳು ಅವ್ವ. ಇಬ್ಬರೂ ಎಷ್ಟು ನಕ್ಕರೆಂದರೆ ಅಣ್ಣ ಎದ್ದು ಹೋದ. ನಗುವವರೆಲ್ಲ ಕಣ್ಣಿದ್ದವರು ಎಂದು ನನಗನ್ನಿಸಿತು.

ನಾಚಿಕೆ ಎಂದರೆ ಏನೆಂದು ನನಗೆ ಸರಿಯಾಗಿ ತಿಳಿದದ್ದು ಇನ್ನೊಂದು ದಿನ. ಬಳ್ಳಾರಿಯ ಒಂದು ಸಭಾಂಗಣದಲ್ಲಿ ಅವಳ ಉಪನ್ಯಾಸವಿತ್ತು. ನನಗೆಂದೇ ಬೆಳಿಗ್ಗೆ ಇಡಿಸಿದ್ದಳು. ಗೋಡೆಯ ಮೇಲೆ ಬಾಗಿಲಿನಷ್ಟು ಎತ್ತರಕ್ಕೆ ನನ್ನ ಕಣ್ಣು ಮೂಡಿತು, ಬಂಗಾರದ ತಾಟಿನ ಹಾಗೆ. ಯಾರ ಕಣ್ಣೆಂದು ಅವಳು ಹೇಳಲಿಲ್ಲ. ‘ಒಂದು ಕುಟುಂಬ’ ಎಂದಷ್ಟೇ ಹೇಳಿದಳು. ಆ ಕುಟುಂಬದವರು ಇದನ್ನು ವ್ರತವೆಂದು ನಡೆಸಿಕೊಂಡು ಬಂದ ಸಂಗತಿಯನ್ನು ಮೆಲ್ಲಗೆ, ಗೌರವದಿಂದ ಹೇಳಿದಳು. ನನ್ನ ಪಕ್ಕದಲ್ಲಿ ಕೂತಿದ್ದವನು ನನ್ನ ಕಿವಿಯ ಹತ್ತಿರ ಬಗ್ಗಿ, ‘ನೋಡ್ರಿ, ಎಂಥಾ ಮಂದಿ ಇರತಾರ. ಕುರುಡು ಮುಚ್ಚಾಕ ದೇವ್ರನ್ನ ಅಡ್ಡ ಹಿಡಿದಾರ’ ಎಂದ. ನಾನು ‘ಹೌದ್ರಿ’ ಎಂದೆ. ಇಷ್ಟೇ ಆದದ್ದು. ಮನೆಗೆ ಬಂದ ಮೇಲೆ ಅವಳು, ‘ಹೆಂಗಿತ್ರಿ ನನ್ನ ಮಾತು?’ ಎಂದು ಕೇಳಿದಳು. ‘ಚಲೋ ಇತ್ತು’ ಎಂದೆ. ಅವಳು ನನ್ನ ಮುಖ ನೋಡುತ್ತಿದ್ದಳು. ಮುಂದೆ ಕೇಳಲಿಲ್ಲ. ಅಲ್ಲಿಂದಾಚೆಗೆ ಅವಳು ಬಳ್ಳಾರಿಯಲ್ಲಿ ಎಲ್ಲೂ ಆ ಚಿತ್ರ ತೋರಿಸಲಿಲ್ಲ.

ಕೆಲಸದ ಜಾಗದಲ್ಲೂ ಹೀಗೆಯೇ. ಒಂದು ಸಂಜೆ ಕರೆಂಟು ಹೋಗಿ ನಾನು ಬಟ್ಟೆಯ ಥಾನಿಗೆ ಎಡವಿ ಬಿದ್ದಾಗ ತೆಲುಗಿನ ದರ್ಜಿಯೊಬ್ಬ, ‘ಏಮಯ್ಯಾ, ರೇಚೀಕಟಾ?’ ಎಂದು ನಕ್ಕಿದ್ದ. ಇರುಳುಗುರುಡಿಗೆ ಅವರ ಮಾತು ಅದು. ‘ಲೇ, ನೇಮದ ಮನಿಯವ್ರಿಗೆ ಹಂಗೆಲ್ಲ ಅನಬ್ಯಾಡ, ಪಾಪ ಹತ್ತತೈತಿ’ ಎಂದು ಮಾಲೀಕರೇ ಅವನನ್ನು ಗದರಿಸಿದರು. ಪಾಪ, ಅವನು ನನ್ನ ಕ್ಷಮೆ ಕೇಳಿದ.

ಅಣ್ಣನ ಮಗಳು ನರ್ಸಿಂಗ್ ಓದಲು ಬಳ್ಳಾರಿಗೆ ಬಂದು ನಮ್ಮ ಮನೆಯಲ್ಲೇ ಉಳಿದಳು. ಅವಳಿಗೂ ಇದೇ ಕಣ್ಣು. ರಾತ್ರಿ ಡ್ಯೂಟಿ ಶುರುವಾದಾಗ ವಾರ್ಡಿನ ದೀಪ ತಗ್ಗಿಸಿದರೆ ಅವಳಿಗೆ ಮಂಚಗಳೇ ಕಾಣುತ್ತಿರಲಿಲ್ಲ. ಅಣ್ಣ ಹೇಳಿಕೊಟ್ಟಿದ್ದನ್ನೇ ಮೇಲಿನವರಿಗೆ ಹೇಳಿದಳು: ನಮ್ಮದು ನೇಮದ ಮನೆ, ದೀಪ ಹಚ್ಚಿದ ಮೇಲೆ ಕೆಲಸ ಮಾಡುವಂತಿಲ್ಲ. ಅವರ ಇನ್‌ಚಾರ್ಜ್ ಸಿಸ್ಟರ್ ಎಲ್ಲರ ಮುಂದೆ, ‘ಹೊತ್ತು ಮುಳುಗಿದ ಮ್ಯಾಲ ರೋಗಿಗಳೂ ನೇಮ ಹಿಡಿತಾರೇನವಾ? ಉಸಿರಾಡದು ಬಿಡತಾರೇನು?’ ಎಂದು ಕೇಳಿದರಂತೆ. ರಾತ್ರಿ ಡ್ಯೂಟಿ ಮಾಡದಿದ್ದರೆ ಕೋರ್ಸು ಮುಗಿಯುವುದಿಲ್ಲ ಎಂದು ಹೇಳಿ ಕಳಿಸಿದರು.

‘ನಾ ಬಂದು ಮಾತಾಡ್ತೀನಿ, ನೀ ಅಳಬ್ಯಾಡ’ ಎಂದಳು ನನ್ನ ಹೆಂಡತಿ. ಹೋಗಲಾಗಲಿಲ್ಲ. ಆ ಹೊತ್ತಿಗಾಗಲೇ ಅವಳ ಕಾಯಿಲೆ ಬಲಿತಿತ್ತು.

ಅವಳು ಹೋದದ್ದು ಒಂದು ಸಂಜೆ, ಮನೆಯಲ್ಲಿ. ಬೆಳಕು ಚುಚ್ಚುತ್ತದೆ, ಲೈಟು ಹಚ್ಚಬೇಡಿ ಎಂದಿದ್ದಳು. ನಾನು ಅವಳ ಕೈ ಹಿಡಿದು ಕೂತಿದ್ದೆ. ಕಿಟಕಿ ಮಸುಕಾಯಿತು, ಆಮೇಲೆ ಕಿಟಕಿಯೂ ಹೋಯಿತು. ಕೈಯಿಂದ ಗೊತ್ತಾಯಿತು. ಕಡೆಯಲ್ಲಿ ಅವಳ ಮುಖ ಹೇಗಿತ್ತು, ನನ್ನ ಕಡೆ ನೋಡಿದಳೇ, ಏನಾದರೂ ಕೇಳಿದಳೇ, ಒಂದೂ ನನಗೆ ಗೊತ್ತಿಲ್ಲ. ಬಾಗಿಲಲ್ಲಿ ಅಣ್ಣನ ಮಗಳ ದನಿ ಬಂತು. ‘ಸಣ್ಣಪ್ಪಾ, ಸಣ್ಣಮ್ಮ ಮಲ್ಕೊಂಡಾಳೇನು?’ ಎಂದು ಪಿಸುಗುಟ್ಟಿ, ಗೋಡೆ ಸವರುತ್ತ ಒಳಗೆ ಬಂದಳು. ನೋಟವನ್ನೇ ಜೀವನವಿಡೀ ಓದಿದ ಹೆಂಗಸು ತೀರಿಕೊಂಡಾಗ ಪಕ್ಕದಲ್ಲಿದ್ದದ್ದು ಕಾಣದ ನಾವಿಬ್ಬರು.

ಮಣ್ಣು ದೇಶನೂರಿನ ನಮ್ಮ ಹೊಲದಲ್ಲೇ ಆಯಿತು. ಕಾರ್ಯದ ದಿನ ಊಟವೆಲ್ಲ ಮಧ್ಯಾಹ್ನವೇ ಮುಗಿಯಿತು, ನೇಮದ ಮನೆಯಲ್ಲವೇ. ತೆಕ್ಕಲಕೋಟೆಯಿಂದ ಬಂದಿದ್ದ ಹಿರಿಯ ಬೀಗರೊಬ್ಬರು ಎದ್ದು ನಿಂತು, ‘ಎಷ್ಟು ಓದಿದ್ರೂ ಈ ಮನಿ ನೇಮ ಮೀರದ ಮಹಾತಾಯಿ’ ಎಂದು ಅವಳನ್ನು ಹೊಗಳಿದರು. ಎಲ್ಲರೂ ತಲೆದೂಗಿದರು. ಆ ಗುಂಗಿನಲ್ಲೇ ಅಣ್ಣ ಮಾತು ತೆಗೆದ. ಮಗಳ ಓದು ಸಾಕು, ಶ್ರಾವಣ ಮುಗಿದೊಡನೆ ಅವಳ ಸೋದರಮಾವನಿಗೇ ಕೊಟ್ಟುಬಿಡೋಣ ಎಂದ.

ಹುಡುಗಿ ತಾಟು ಎತ್ತುತ್ತಿದ್ದವಳು ನಿಂತಳು. ‘ಅಪ್ಪಾ, ಮಾವಗೂ ಸಂಜಿ ಆದ್ಮ್ಯಾಲ ಕಾಣಂಗಿಲ್ಲ. ರಾತ್ರಿ ಕೂಸು ಅತ್ರ ಹುಡುಕೋರು ಯಾರು?’

ಹೆಂಗಸರ ಕಡೆಯಿಂದ ನಗು ಕೇಳಿತು. ಅಣ್ಣ ಕೆಂಪಾದ. ‘ಬಾಯಿ ಮುಚ್ಚಲೇ! ನಿನ್ನ ಸಣ್ಣಮ್ಮ ಕೆಡಿಸ್ಯಾಳ ನಿನ್ನ. ತಮ್ಮಾ, ಏನಂತಿ ನೀನು?’

ಎಲ್ಲರೂ ನನ್ನ ಕಡೆ ನೋಡಿದರು. ಹಗಲು ಅದು, ಒಬ್ಬೊಬ್ಬರ ಮುಖವೂ ನನಗೆ ಕಾಣುತ್ತಿತ್ತು. ಅವಳ ಹೊಸ ಮಣ್ಣು ಬಾಗಿಲಿನಿಂದಲೇ ಕಾಣುತ್ತಿತ್ತು. ‘ನೋಡೋಣು ಅಣ್ಣಾ’ ಎಂದೆ.

ಹುಡುಗಿ ತಾಟುಗಳನ್ನು ಎತ್ತಿಕೊಂಡು ಒಳಗೆ ಹೋದಳು. ಬಳ್ಳಾರಿಗೆ ತಿರುಗಿ ಬಂದ ಮೇಲೆ ನನ್ನೊಡನೆ ಮಾತು ಬಿಟ್ಟಳು. ಅಡುಗೆ ಮಾಡುತ್ತಿದ್ದಳು, ಬಡಿಸುತ್ತಿದ್ದಳು, ಮಾತಿಲ್ಲ. ಒಂದು ಬೆಳಗಿನ ಜಾವ ಎದ್ದು ನೋಡಿದರೆ ಕತ್ತಲಲ್ಲಿ ತನ್ನ ಬಟ್ಟೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ನಮಗಿಬ್ಬರಿಗೂ ಚೆನ್ನಾಗಿ ಕಾಣುವ ಹೊತ್ತು ಅದು. ಬಿಳಿ ಸಮವಸ್ತ್ರವನ್ನು ಮಾತ್ರ ಮಡಚಿ ಗೂಟದ ಕೆಳಗೆ ಬೇರೆಯಾಗಿ ಇಟ್ಟಿದ್ದಳು.

‘ಅದನ್ನ ಉಟ್ಕೋ. ಹೋಗೋಣು ನಿಮ್ಮ ಸಿಸ್ಟರ್ ಹತ್ರ’ ಎಂದೆ.

ಆ ಸಿಸ್ಟರ್ ವಯಸ್ಸಾದವರು, ದನಿ ದೊಡ್ಡದು. ಕೂಡಿ ಎಂದರು. ನಾನು ಕೈಮುಗಿದು ಬಾಯಿ ತೆರೆದೆ. ನನಗೇ ಗೊತ್ತಾಗುವ ಮೊದಲು ಮಾತು ಹೊರಬಿದ್ದಿತ್ತು: ‘ನಮ್ಮದು ನೇಮದ ಮನಿ ಅದ್ರಿ...’

ಹುಡುಗಿ ನನ್ನ ತೋಳು ಚಿವುಟಿದಳು. ‘ಸಣ್ಣಪ್ಪಾ, ನೇಮ ಅಲ್ಲ. ಬ್ರೇಕು!’

‘ಯಾವ ಬ್ರೇಕು?’ ಎಂದರು ಸಿಸ್ಟರ್.

ಹೇಳಿದೆ. ಪೆಡಲಿನಿಂದ ಹಿಡಿದು ಎಲ್ಲ ಹೇಳಿದೆ. ಅಪ್ಪ, ಅಣ್ಣ, ನಾನು, ಇವಳು. ಅವರು ಪೂರ್ತಿ ಕೇಳಿ ಹುಡುಗಿಯ ಕಡೆ ತಿರುಗಿ, ‘ಇಷ್ಟು ದಿನ ದೇವರು ದಿಂಡರು ಅಂತ ಯಾಕ ಹೇಳಿದ್ಯವಾ?’ ಎಂದರು.

‘ಅಕಿ ಹೇಳಿದ್ದಲ್ರಿ, ನಾವು ಹೇಳಿಸಿದ್ದು’ ಎಂದೆ.

ಅವರು ಡ್ಯೂಟಿ ಪಟ್ಟಿಯನ್ನು ಎಳೆದುಕೊಂಡರು. ‘ಕಣ್ಣಿನ ಡಾಕ್ಟರ ಕಡಿಂದ ಬರೆಸ್ಕೊಂಡು ಬರ್ರಿ. ಐಸಿಯುದಾಗ ಹಾಕಸ್ತೀನಿ. ಅಲ್ಲಿ ಲೈಟ್ ಆರಸಂಗಿಲ್ಲ. ನೇಮ ಹಿಡಿಯಾಕ ಪುರಸೊತ್ತೂ ಇರಂಗಿಲ್ಲ’ ಎಂದರು.

ಕಣ್ಣಿನ ಡಾಕ್ಟರು ನನ್ನ ಹೆಂಡತಿಯ ಹಳೆಯ ವಿದ್ಯಾರ್ಥಿನಿ. ಹುಡುಗಿಯ ಕಣ್ಣಿನ ಚಿತ್ರ ತೆಗೆದು ತೋರಿಸಿದಳು. ಅದೇ ಬಂಗಾರ. ಇನ್ನು ಕತ್ತಲಲ್ಲಿ ಕೂಡಿಸಿ ಮತ್ತೊಮ್ಮೆ ನೋಡಬೇಕಿತ್ತು. ಒಬ್ಬಳೇ ಬೇಸರಪಡುತ್ತಾಳೆಂದು ನಾನೂ ಆ ಕೋಣೆಯೊಳಗೆ ಕೂತೆ. ಬಾಗಿಲಿನ ಸಂದಿಯಲ್ಲಿ ಬರುವಷ್ಟು ಬೆಳಕು ಮಾತ್ರ. ಅವಳು ಕಾಲೇಜಿನ ಹುಡುಗಿಯರ ಸುದ್ದಿ ಹೇಳಿದಳು. ಮಧ್ಯಾಹ್ನವೆಲ್ಲ ಹಾಗೆಯೇ ಹೋಯಿತು. ಹೆಂಡತಿ ನನ್ನನ್ನು ಮೊದಲ ಸಲ ಇಂಥ ಕೋಣೆಯಲ್ಲಿ ಕೂಡಿಸಿದ್ದು, ಹೊರಗೆ ನಿಂತು ‘ಹೆದರಿಕಿ ಬಂದ್ರ ಕೂಗ್ರಿ’ ಎಂದಿದ್ದು ನೆನಪಾಯಿತು.

‘ಸಣ್ಣಪ್ಪಾ, ಅಳಾಕತ್ತೀಯೇನು?’

‘ಇಲ್ಲ. ಕಾಣಸ್ತೈತೇನು ನಿನಗ?’

‘ಹೂಂ, ಕಾಣಸ್ತೈತಿ’ ಎಂದಳು.

ಡಾಕ್ಟರು ಬಂದು ಚಿತ್ರ ತೆಗೆದಳು. ಬಂಗಾರ ಇರಲಿಲ್ಲ. ಎಲ್ಲರಿಗಿರುವಂಥದೇ ಕೆಂಪು ಕಣ್ಣು.

ಹೊರಗೆ ಬರುವಷ್ಟರಲ್ಲಿ ಹೊತ್ತು ಮುಳುಗಿತ್ತು. ಚಿತ್ರ ತೆಗೆದ ಬೆಳಕಿಗೆ ಅವಳ ಕಣ್ಣು ಮತ್ತೆ ಹೋಗಿತ್ತು, ಕೋಣೆಯ ಲೈಟಿಗೆ ನನ್ನದೂ. ಆಟೋದವನು ನಮ್ಮ ಬೀದಿಯ ತುದಿಯಲ್ಲೇ ಇಳಿಸಿದ, ಮುಂದೆ ರಸ್ತೆ ಅಗೆದಿದ್ದರು. ಬೀದಿ ದೀಪದ ಕೆಳಗೆ ನಮಗೆ ಕಾಣುತ್ತದೆ. ಒಂದು ದೀಪಕ್ಕೂ ಇನ್ನೊಂದಕ್ಕೂ ನಡುವೆ ಬೀದಿಯೇ ಇರುವುದಿಲ್ಲ. ಅವಳು ಮೊಬೈಲಿನ ಬ್ಯಾಟರಿ ಹಚ್ಚಿದಳು. ನಾನು ಅವಳ ಭುಜದ ಮೇಲೆ ಕೈಯಿಟ್ಟೆ. ‘ಕುರುಡರ ಮೆರವಣಿಗಿ’ ಎಂದು ಅವಳು ನಕ್ಕಳು. ಅಷ್ಟು ವರ್ಷದಲ್ಲಿ ಆ ಬೀದಿಯವರು ಆ ಹೊತ್ತಿನಲ್ಲಿ ನನ್ನನ್ನು ನೋಡಿದ್ದೇ ಇಲ್ಲ. ಹೆಂಡತಿ ಎಷ್ಟೋ ಸಲ, ಒಂದು ಸಂಜೆ ನನ್ನ ಕೈ ಹಿಡಿದುಕೊಂಡು ಈ ಬೀದಿ ತುದಿಯ ತನಕ ಬನ್ನಿ ಎಂದು ಕರೆದಿದ್ದಳು. ನಾನು ಹೋಗಿರಲಿಲ್ಲ.

ಯಾವುದೋ ಕಟ್ಟೆಯ ಮೇಲಿಂದ ದನಿ ಬಂತು. ನಮ್ಮ ಎದುರು ಮನೆಯವರು. ‘ಯಾರದು, ಮಾಸ್ಟರೇನ್ರಿ? ಇದೇನು, ಹೊತ್ತು ಮುಳುಗಿದ ಮ್ಯಾಲ ಹೊರಗ? ಅಮ್ಮಾರು ಹೋದ ಮ್ಯಾಲ ನೇಮ ಬಿಟ್ರೇನು?’

ಹೌದು, ಬಿಟ್ಟೆ ಎಂದರೆ ಮುಗಿಯುತ್ತಿತ್ತು. ಅದು ನಾಲಿಗೆಯ ತುದಿಗೆ ಬಂದೂ ಇತ್ತು.

‘ನೇಮ ಇದ್ದಿದ್ದೇ ಇಲ್ರಿ. ಸಂಜಿ ಆದ್ಮ್ಯಾಲ ನನಗ ಕಣ್ಣು ಕಾಣಂಗಿಲ್ಲ’ ಎಂದೆ.

ಅವರ ಮುಖ ಏನಾಯಿತೋ ನನಗೆ ಕಾಣಲಿಲ್ಲ. ನನ್ನ ಕೈಯ ಕೆಳಗೆ ಹುಡುಗಿಯ ಭುಜ ಬಿಗಿಯಾಯಿತು. ಕಟ್ಟೆಯಿಂದ ಯಾರೋ ಇಳಿದ ಸದ್ದು, ಚಪ್ಪಲಿ ಹುಡುಕಿದ ಸದ್ದು.

‘ನಿಂದರ್ರಿ ಅಲ್ಲೇ. ಮುಂದ ಗುಂಡಿ ತೋಡ್ಯಾರ. ಎಡಕ್ಕ ಬರ್ರಿ, ಎಡಕ್ಕ’ ಎಂದಿತು ದನಿ.